ಹಿಂದಿನ ಸೀಟಿಗೆ ಬಡಿಯುವ ಡಗ್ಗಾ

"ಅಕ್ಕ, ಇದು ನಾನು ಮಾಡಿದ್ದಲ್ಲ."

ಪ್ರೀತಮ್ ಸ್ಟೀರಿಯೋದ ಪರದೆಯ ಮೇಲಿಟ್ಟಿದ್ದ ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಡ್ರೈವರ್ ಸೀಟಿನಲ್ಲಿ ಕೂತಿದ್ದ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮಲಾಡಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಬೆವರುವುದೇನೂ ದೊಡ್ಡ ವಿಷಯವಲ್ಲ. ಆದರೆ ಬೆರಳು ಹಿಂದಕ್ಕೆ ಬಂದದ್ದಕ್ಕೆ ಬಿಸಿಲು ಕಾರಣವಲ್ಲ ಎಂಬುದನ್ನು ಹಿಂದಿನ ಸೀಟಿನಲ್ಲಿ, ಎಡಗಡೆಗೆ ಕೂತಿದ್ದ ದೇವಕ್ಕ ಗಮನಿಸಿದಳು.

ಇಪ್ಪತ್ತಾರು ದಿನಗಳ ಹಿಂದೆ ಇದೇ ಪುಟ್ಟ ಬಿಳಿ ಗಾಡಿಯನ್ನು ವಿಕ್ರೋಳಿಯ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ನಿಲ್ಲಿಸಿ ಕಾಶಿನಾಥ ನೀರಿಗೆ ಹಾರಿದ ಎಂದು ಪೊಲೀಸರು ಬರೆದು ಕೈ ತೊಳೆದುಕೊಂಡಿದ್ದರು; ಹಾರಲಿಲ್ಲ ಎಂದು ಹೇಳುತ್ತಿದ್ದವಳು ಅವನ ಹೆಂಡತಿ ನಾಗರತ್ನಾ ಒಬ್ಬಳೇ.

"ನೀ ಮಾಡಿದ್ದಲ್ಲಂದ್ರ?" ದೇವಕ್ಕ ಕೇಳಿದಳು. "ಈ ಗಾಡಿಗೆ ಸೌಂಡ್ ಹಾಕಿದಾಂವ ನೀನೇ ಹೌದಲ್ಲೋ?"

"ಹಾಕಿದ್ದು ನಾನೇ ಮಾರಾಯ್ರೆ. ಸ್ಟೀರಿಯೋ, ಆಂಪ್ಲಿಫೈಯರ್, ಬಾಗಿಲಲ್ಲಿ ನಾಲ್ಕು ಸ್ಪೀಕರ್, ಡಿಕ್ಕಿಯಲ್ಲಿ ದಪ್ಪ ಸದ್ದಿಗೆ ಒಂದು ಸಬ್‌ವೂಫರ್. ಎಲ್ಲಾ ನನ್ನದೇ ಕೈ. ಆದ್ರೆ ಈ ಪರದೆಯಲ್ಲಿರೋ ನಂಬರ್ ನನ್ನದಲ್ಲ. ಸಚ್ಚಿ ಬೋಲ್ತಾ ಹೂಂ."

ಪ್ರೀತಮ್‌ನ ಮನೆಯವರು ಉಡುಪಿ ಕಡೆಯವರು, ಅವನು ಹುಟ್ಟಿದ್ದು ಮಲಾಡಿನಲ್ಲೇ. ಅವನ ಕನ್ನಡದಲ್ಲಿ ಒಂದು ಕಡೆಯಿಂದ ತುಳು, ಇನ್ನೊಂದು ಕಡೆಯಿಂದ ಹಿಂದಿ ಇಣುಕುತ್ತಿದ್ದವು. ವಿಜಯಪುರದ ದೇವಕ್ಕನಿಗೆ ಅದು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಅವಳು ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು. ಮೂವತ್ತು ವರ್ಷ ವಿಮಾ ಕಂಪನಿಯಲ್ಲಿ ಗುದ್ದಿದ ಗಾಡಿಗಳ ತಪಾಸಣೆ ಮಾಡಿದವಳು ಅವಳು. ಬಂಪರ್ ನೋಡಿ ಮಾಲೀಕನ ಕಥೆಯಲ್ಲಿ ಎಷ್ಟು ನೀರು ಬೆರೆತಿದೆ ಎಂದು ಹೇಳುವುದು ಅವಳ ಹೊಟ್ಟೆಪಾಡಾಗಿತ್ತು. ನಿವೃತ್ತಳಾದ ಮೇಲೂ ಚಟ ಬಿಟ್ಟಿರಲಿಲ್ಲ. ನಾಗರತ್ನಾ ಅವಳನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ.

"ಮೊದಲಿಂದ ಹೇಳು. ಗಡಿಬಿಡಿ ಮಾಡಬ್ಯಾಡ."

ಪ್ರೀತಮ್ ನೀರಿನ ಬಾಟಲಿ ಎತ್ತಿ ಎರಡು ಗುಟುಕು ಕುಡಿದ.

"ನನ್ನಲ್ಲಿಗೆ ಬರುವವರೆಲ್ಲ ಹನ್ನೆರಡು ಇಂಚಿನ ಸಬ್‌ವೂಫರ್ ಕೇಳ್ತಾರೆ ಅಕ್ಕ. ಬಿಲ್ಡಿಂಗ್ ನಡುಗ್ಬೇಕು ಅಂತಾರೆ. ಕಾಶಿನಾಥ್ ಅಣ್ಣ ಮಾತ್ರ ಬೇರೆ. ಒಂದು ಪೆನ್‌ಡ್ರೈವ್ ತಂದಿದ್ರು. ಅದ್ರಲ್ಲಿ ಅವರಪ್ಪನ ಭಜನೆ. ಅಪ್ಪ ಮೇಳದಲ್ಲಿ ಡಗ್ಗಾ, ಆ ತಬಲಾ ಜೋಡಿಯ ದೊಡ್ಡದು, ಬಾರಿಸ್ತಿದ್ರಂತೆ, ತೀರಿ ಹೋಗಿ ಹತ್ತು ವರ್ಷ ಆಯ್ತಂತೆ. 'ನಮ್ಮಪ್ಪನ ಕೈ ಕೇಳಿಸ್ಬೇಕು, ಗದ್ದಲ ಬ್ಯಾಡ' ಅಂದ್ರು. ಅಷ್ಟೇ."

"ಮತ್ತ?"

"ಮೂರು ರವಿವಾರ ಜಗ್ಗಾಡಿದ್ರು. ಹನ್ನೆರಡು ಇಂಚು ಹಚ್ಚಿ ತೋರಿಸ್ದೆ. ಒಂದು ಪೆಟ್ಟಿನ ಸದ್ದು ನಿಲ್ಲೋ ಮೊದ್ಲೇ ಇನ್ನೊಂದು ಪೆಟ್ಟು ಬಂದು ಅದ್ರಲ್ಲಿ ಮುಳುಗ್ತದೆ, ಬೇಡ ಅಂದ್ರು. ಸೀಟಿನಡಿ ಕೂರೋ ಎಂಟು ಇಂಚಿನದು ತೋರಿಸ್ದೆ. ಬೆರಳಿನ ಪೆಟ್ಟು ಕೇಳ್ತದೆ, ಅಂಗೈ ಒತ್ತಿ ಎಳೆಯೋ ಗುಂಯ್ ಅನ್ನೋದು ಬರೋದಿಲ್ಲ ಅಂದ್ರು. ತೂತಿರೋ ಡಬ್ಬ ಬೇಡ, ಮುಚ್ಚಿದ ಡಬ್ಬವೇ ಬೇಕು ಅಂತ ಅವರೇ ಕಿವಿಯಲ್ಲಿ ಕೇಳಿ ಹೇಳಿದ್ರು. ಕಡೆಗೆ ಹತ್ತು ಇಂಚಿಂದು. ಸಣ್ಣ ಗಾಡಿ ಅಲ್ವಾ, ಅದೇ ಧಾರಾಳ ಆಗ್ತದೆ. ಡಿಕ್ಕಿಯಲ್ಲಿ ಅರ್ಧ ಜಾಗವೂ ಉಳೀತು. ಊರಿಂದ ಬರುವಾಗ ಜೋಳದ ಚೀಲ ಇಡೋದಕ್ಕೆ ಅದು ಬೇಕಿತ್ತಂತೆ."

ನಾಗರತ್ನಾಳ ವಾದ ನಿಂತಿದ್ದೇ ಇದರ ಮೇಲೆ. ಸಾಯುವ ಮನುಷ್ಯ ಇಷ್ಟು ಆರಿಸಿ ಆರಿಸಿ ಕೊಳ್ಳುತ್ತಾನೇನ್ರೀ ಅಕ್ಕಾರ, ಎಂದು ಅವಳು ಮೊದಲ ದಿನವೇ ಕೇಳಿದ್ದಳು. ತಾನಾಗಿಯೇ ಹೋದರು ಅಂತಾದರೆ ನಾನೇನು ತಪ್ಪು ಮಾಡಿದೆ ಅಂತ ಜನ್ಮವಿಡೀ ಕೇಳಿಕೊಂಡೇ ಕೂಡಬೇಕಾಗುತ್ತದೆ, ಅದೊಂದನ್ನು ನನಗೆ ಬಿಡಿಸಿ ಕೊಡ್ರಿ ಎಂದು ಕೈ ಹಿಡಿದಿದ್ದಳು. ಹಿಂದಿನ ದಿನ ಟೈರ್ ಬದಲಿಸಿ ಮಾರನೆಯ ದಿನ ಪ್ರಾಣ ಬಿಟ್ಟವರ ಗಾಡಿಗಳನ್ನು ದೇವಕ್ಕ ತನ್ನ ನೌಕರಿಯಲ್ಲಿ ಕಂಡಿದ್ದಳು. ಆದರೂ ಆ ಕೈಯನ್ನು ಬಿಡಿಸಿಕೊಳ್ಳಲು ಆಗಿರಲಿಲ್ಲ.

"ಒಂದು ವಿಚಿತ್ರ ಇತ್ತು," ಪ್ರೀತಮ್ ದನಿ ತಗ್ಗಿಸಿದ. "ನಿಮ್ಮ ಮೊಣಕಾಲಿನ ಹತ್ರ ನೋಡಿ."

ಮುಂದಿನ ಸೀಟಿನ ಬೆನ್ನಿಗೆ, ಕೆಳಗೆ, ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ತಿರುವು ಗುಂಡಿಯೊಂದು ಕೂತಿತ್ತು.

"ಅದು ಸಬ್‌ವೂಫರ್ ಹೆಚ್ಚು ಕಮ್ಮಿ ಮಾಡೋ ನಾಬ್. ಎಲ್ಲರೂ ಸ್ಟೇರಿಂಗ್ ಹತ್ರ ಹಾಕಿಸ್ತಾರೆ. ಗಾಡಿ ಓಡಿಸುವವನಿಗೆ ತಾನೇ ಅದು ಬೇಕು? ಕಾಶಿನಾಥ್ ಅಣ್ಣ ಮಾತ್ರ ಹಿಂದೆ ಹಾಕು ಅಂದ್ರು. 'ನಾನಿಲ್ಲದಾಗೂ ಅವಳಿಗೆ ಕೈಗೆ ಸಿಗಬೇಕು' ಅಂದ್ರು."

ದೇವಕ್ಕ ಬಗ್ಗಿ ಆ ಗುಂಡಿಯನ್ನು ಮುಟ್ಟಿ ನೋಡಿದಳು.

ನಾಗರತ್ನಾ ಮುಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಹಿಂದೊಮ್ಮೆ ಅಪಘಾತ ಕಂಡ ಮೇಲೆ, ಮುಂದೆ ಕೂತರೆ ಎದುರಿನ ಗಾಡಿ ಮೈಮೇಲೆ ಬಂದಂತಾಗುತ್ತದೆ ಎಂದು ಯಾವಾಗಲೂ ಹಿಂದೆ, ಎಡಗಡೆಗೇ ಕೂರುತ್ತಿದ್ದಳು. ನಾನಿಲ್ಲದಾಗೂ ಎಂದರೆ ಏನರ್ಥ? ಹೋಗುವ ಮನಸ್ಸು ಒಂದು ತಿಂಗಳು ಮೊದಲೇ, ಸೌಂಡ್ ಹಾಕಿಸುವಾಗಲೇ ಆಗಿತ್ತೇ? ಹಾಗಿದ್ದರೆ ಪೊಲೀಸರು ಬರೆದದ್ದೇ ಸರಿ. ಗೋರೆಗಾಂವ್‌ನ ಮನೆಗೆ ಹೋಗಿ ಆ ಹೆಣ್ಣುಮಗಳ ಮುಂದೆ ಈ ಮಾತನ್ನು ಹೇಗೆ ಆಡುವುದು ಎಂದು ದೇವಕ್ಕನಿಗೆ ತಿಳಿಯಲಿಲ್ಲ.

"ಈಗ ನಂಬರಿನ ಮಾತು ಹೇಳು," ಅಂದಳು, ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

"ಗಾಡಿಯೊಳಗೆ ಒಂದು ಸ್ಪೀಕರ್ ಹತ್ರ ಇರ್ತದೆ, ಒಂದು ದೂರ. ಹತ್ರದ ಸದ್ದು ಮೊದಲು ಬಂದ್ರೆ ಮಜಾ ಇಲ್ಲ. ಅದಕ್ಕೆ ಟೇಪ್ ಹಿಡಿದು ಪ್ರತಿ ಸ್ಪೀಕರಿಂದ ಕಿವಿಗೆ ಎಷ್ಟು ದೂರ ಅಂತ ಅಳೆದು ಇಲ್ಲಿ ಬರೀಬೇಕು. ಹತ್ರದ್ದನ್ನ ಸ್ಟೀರಿಯೋ ಸ್ವಲ್ಪ ತಡೆದು ಬಿಡ್ತದೆ. ಆಗ ಎಲ್ಲಾ ಸದ್ದು ಒಟ್ಟಿಗೆ ಕಿವಿಗೆ ಬರ್ತದೆ. ನಾನು ಅಳೆದದ್ದು ಡ್ರೈವರ್ ಕಿವಿಗೆ. ಇದು ನೋಡಿ, ಈಗ ಇರೋದು ನೀವು ಕೂತಿರೋ ಜಾಗಕ್ಕೆ."

ಅವನು ಭಜನೆ ಹಚ್ಚಿದ. ಹಾರ್ಮೋನಿಯಂ ಎದ್ದಿತು, ತಾಳ ಕೂಡಿತು, ಯಾರೋ ಮುದುಕರು ದನಿ ತೆಗೆದರು. ಆಮೇಲೆ ಡಗ್ಗಾ. ಅದು ಡಿಕ್ಕಿಯಿಂದಾಗಲಿ ಬಾಗಿಲಿನಿಂದಾಗಲಿ ಬಂದಂತೆ ಅನಿಸಲೇ ಇಲ್ಲ. ದೇವಕ್ಕನ ಎದುರಿಗೆ, ಒಂದು ಗೇಣು ದೂರದಲ್ಲಿ ಯಾರೋ ಕೂತು ಅವಳಿಗೊಬ್ಬಳಿಗೇ ಬಾರಿಸುತ್ತಿದ್ದಂತಿತ್ತು. ಬಾರಿಸುವವನ ಉಸಿರು ಕೂಡ ಕೇಳಿಸಿತು. ಹೊರಗೆ ಓಣಿಯಲ್ಲಿ ರಿಕ್ಷಾಗಳು ಒಂದಕ್ಕೊಂದು ಬೈಯುತ್ತಿದ್ದವು, ಒಳಗೆ ಅವಳ ಕೈಮೇಲಿನ ಕೂದಲು ನಿಂತವು.

ಎಂಟು ದಿನದಿಂದ ಡಗ್ಗಾ ನನ್ನ ಎದೀಗೇ ಬಂದು ಬಡೀತೈತ್ರಿ, ಅವ್ರು ಮುಂದ ಕುಂತಾರ ಅನಸ್ತೈತಿ, ಎಂದು ನಾಗರತ್ನಾ ಅಂದಾಗ ದೇವಕ್ಕ ಅದನ್ನು ದುಃಖದ ಮಾತು ಎಂದು ಬಿಟ್ಟಿದ್ದಳು. ಗಾಡಿ ಮನೆಗೆ ಬಂದಾಗಿನಿಂದ ಮಧ್ಯಾಹ್ನ ಅದರಲ್ಲಿ ಒಬ್ಬಳೇ ಕೂತು ಭಜನೆ ಕೇಳುವ ಹೆಂಗಸಿಗೆ ಏನಾದರೂ ಅನಿಸೀತು ಎಂದುಕೊಂಡಿದ್ದಳು. ಈಗ ಅವಳಿಗೆ ನಾಚಿಕೆಯಾಯಿತು.

"ಬಂದ್ ಮಾಡೋ," ಅಂದಳು.

ಪ್ರೀತಮ್ ಬಂದ್ ಮಾಡಿದ.

"ಕಾಶಿನಾಥ ತಾನೇ ಬದಲು ಮಾಡಿರಬೇಕು. ಸಾಯೋಕಿಂತ ಮೊದಲು."

"ನಾನೂ ಹಾಗೇ ಅಂದ್ಕೊಂಡೆ. ಅವರಿಗೆ ನಾನೇ ಕಲಿಸಿದ್ದು. ನಾವು ಅಂಗಡಿಯವರು ಐದು ಸೆಂಟಿಮೀಟರ್ ಲೆಕ್ಕದಲ್ಲಿ ಹಾಕ್ತೇವೆ, ನೂರ ಹದಿನೈದು, ನೂರ ಇಪ್ಪತ್ತು. ಯಾರಿಗೆ ಗೊತ್ತಾಗ್ತದೆ? ಅವರು ಫ್ಯಾಕ್ಟರಿಯಲ್ಲಿ ಅಳತೆ ನೋಡಿ ಅಚ್ಚು ಮಾಡೋ ಟೂಲ್‌ರೂಮಿನ ಮನುಷ್ಯ, ಕೂದಲೆಳೆ ಬಿಡುವವರಲ್ಲ. ನೋಡಿ, ನೂರ ಹದಿನೆಂಟು, ನೂರ ಅರವತ್ತಮೂರು, ಐವತ್ತೇಳು. ಇದು ಅವರದೇ ಕೈ ಅಕ್ಕ. ಆದ್ರೆ..."

"ಆದ್ರ?"

"ಹೊಸ ಬ್ಯಾಟರಿ ಹಾಕಿದ್ದು ಯಾವಾಗ?"

ದೇವಕ್ಕ ಲೆಕ್ಕ ಹಾಕಿದಳು. ಪೊಲೀಸರ ಅಂಗಳದಲ್ಲಿ ಹನ್ನೆರಡು ದಿನ ಬಿಸಿಲಿಗೆ ನಿಂತು ಬ್ಯಾಟರಿ ಸತ್ತೇ ಹೋಗಿತ್ತು. ಗಾಡಿ ಬಿಡಿಸಿಕೊಂಡು ಬಂದ ದಿನ ಮೆಕ್ಯಾನಿಕ್ ಹೊಸದು ಹಾಕಿದ್ದ. "ಹದಿನಾಲ್ಕು ದಿನ ಆತು."

"ಈ ಮಾಡೆಲ್ ಸಸ್ತಾದ್ದು. ಬ್ಯಾಟರಿ ತೆಗೆದ್ರೆ ಇದ್ರ ನೆನಪೆಲ್ಲ ಹೋಗ್ತದೆ, ಎಲ್ಲ ಸೊನ್ನೆ." ಪ್ರೀತಮ್ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ, ಓಡುವವನ ಹಾಗೆ. "ಅಂದ್ರೆ ಈ ನಂಬರ್ ಬರೆದದ್ದು ಹದಿನಾಲ್ಕು ದಿನದ ಒಳಗೆ. ಅವರು ಹೋಗಿ ಇಪ್ಪತ್ತಾರು ದಿನ ಆಯ್ತಲ್ಲ? ನಂಗೆ ಹೆದರಿಕೆ ಆಗ್ತದೆ ಅಕ್ಕ. ಗಾಡಿ ತಗೊಂಡು ಹೋಗಿ."

ಅಷ್ಟರಲ್ಲಿ ದೇವಕ್ಕನ ಫೋನು ಬಡಿದುಕೊಂಡಿತು. ನಾಗರತ್ನಾ.

"ಅಕ್ಕಾರ, ಅನಿಲ ಫೋನ್ ಮಾಡಿದ್ದ. ಮೂರಕ್ಕ ಬಂದು ಗಾಡಿ ಒಯ್ತಾನಂತ. ಗಿರಾಕಿ ಸಿಕ್ಕಾನಂತ."

ಅನಿಲಕುಮಾರ ಕಾಶಿನಾಥನ ತಮ್ಮ. ಖಾಸಗಿ ಆಂಬುಲೆನ್ಸ್ ಓಡಿಸುವವನು. ಖಾಡಿಯಿಂದ ಎತ್ತಿದ ಹೆಣವನ್ನು ಅಣ್ಣನದೆಂದು ಗುರುತು ಹಿಡಿದು ಸಹಿ ಹಾಕಿದವನೂ ಅವನೇ.

"ಗಾಡಿ ಮಾರೂ ಮಾತು ಯಾವಾಗ ಬಂತು?"

"ನಿನ್ನೆರಿ. ಡಗ್ಗಾ ಎದೀಗೆ ಬಡೀತೈತಿ ಅಂತ ಅವನ ಮುಂದ ಅಂದೆ. ಅವನ ಮಾರಿ ಸಪ್ಪಗಾತು. ಈ ಗಾಡಿ ಇಟ್ಕೊಂಡ್ರ ನಿಮಗ ಹುಚ್ಚ ಹಿಡೀತೈತಿ ವೈನಿ ಅಂದ."

"ಗಾಡಿ ನನ್ನ ಹತ್ರ ಐತಿ ಅಂತ ಹೇಳಿದೇನು?"

"ಇಲ್ರಿ, ಹೇಳೂದ್ರಾಗ ಫೋನ್ ಇಟ್ಟಬಿಟ್ಟ. ನೀವು ಕೆಳಗ ಬರಬ್ಯಾಡ್ರಿ, ಬಿಸಲಾಗ ತ್ರಾಸ ತಗೋಬ್ಯಾಡ್ರಿ, ನಾನ ಒಯ್ತೀನಿ ಅಂದ."

ದೇವಕ್ಕ ಸ್ಟೇರಿಂಗ್ ಹತ್ತಿರ ತೂಗುತ್ತಿದ್ದ ಚಾವಿ ನೋಡಿದಳು. ಗಾಡಿಗೆ ಇದ್ದದ್ದು ಎರಡು ಚಾವಿ. ಒಂದು ಇದು. ಇನ್ನೊಂದು ಕಾಶಿನಾಥನ ಜೇಬಿನಲ್ಲಿದ್ದು ನೀರುಪಾಲಾಯಿತು ಎಂದು ಪೊಲೀಸರ ಕಾಗದದಲ್ಲಿ ಬರೆದಿತ್ತು.

"ಕೆಳಗ ಬರಬ್ಯಾಡ ಅಂದನೇನು? ಹಂಗಾದ್ರ ಮೂರಕ್ಕ ಕೆಳಗ ಬಂದು ನಿಲ್ಲು. ನಾ ಬಂದೆ."

ಗೋರೆಗಾಂವ್ ತಲುಪುವವರೆಗೂ ಅವಳು ಸ್ಟೀರಿಯೋ ಮುಟ್ಟಲಿಲ್ಲ. ಒಮ್ಮೆ ಮಾತ್ರ, ಸಿಗ್ನಲ್ಲಿನಲ್ಲಿ ನಿಂತಾಗ, ಕನ್ನಡಿಯಲ್ಲಿ ಹಿಂದಿನ ಖಾಲಿ ಸೀಟು ನೋಡಿದಳು. ಯಾರೋ ಅಲ್ಲಿ ಕೂತು, ಟೇಪ್ ಹಿಡಿದು, ನಾಗರತ್ನಾಳ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ನೆನಪಿನಿಂದಲೇ ಅಳೆದಿದ್ದರು. ಹಗಲು ಹೊತ್ತಿನಲ್ಲೂ ಅವಳಿಗೆ ಮತ್ತೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ.

ಸೊಸೈಟಿಯ ಕಾಂಪೌಂಡಿನಲ್ಲಿ ಗಾಡಿ ನಿಲ್ಲುವ ಖಾಲಿ ಜಾಗದ ನಟ್ಟನಡುವೆ ಅನಿಲಕುಮಾರ ನಿಂತಿದ್ದ. ಮೆಟ್ಟಿಲ ಹತ್ತಿರ ನಾಗರತ್ನಾ. ಇಬ್ಬರ ನಡುವೆ ಮಾತು ನಡೆದಂತೆ ಕಾಣಲಿಲ್ಲ.

"ಗಾಡಿ ಎಲ್ಲಿಗೆ ಹೋಗಿತ್ರಿ?" ದೇವಕ್ಕ ಇಳಿಯುವ ಮೊದಲೇ ಅವನು ಕೇಳಿದ.

"ಯಾಕಪಾ, ಖಾಲಿ ಜಾಗಾ ನೋಡಿ ಗಾಬರಿ ಆತೇನು?"

"ಗಿರಾಕಿ ಕಾಯಾಕತ್ತಾನ. ಬಿಡ್ರಿ, ಒಯ್ತೀನಿ."

"ಒಯ್ಯುವಂತಿ. ಒಂದು ಮಾತು ಹೇಳು. ನಿಮ್ಮ ವೈನಿ ಹತ್ರ ಚಾವಿ ಕೇಳಿಲ್ಲ. ಮ್ಯಾಲೆ ಮನೀಗೆ ಹೋಗಿಲ್ಲ. ಅಕಿಗೂ ಕೆಳಗ ಬರಬ್ಯಾಡಂದಿ. ಗಾಡೀನ ಹೆಗಲ ಮ್ಯಾಲೆ ಹೊತ್ಕೊಂಡು ಹೋಗಾಂವ ಇದ್ದೇನು?"

ಅನಿಲಕುಮಾರನ ಕೈ ಪ್ಯಾಂಟಿನ ಜೇಬಿನ ಕಡೆ ಹೋಗಿ ಅರ್ಧಕ್ಕೇ ನಿಂತಿತು. ಗುದ್ದಿದ ಗಾಡಿಯ ಮಾಲೀಕರಲ್ಲಿ ದೇವಕ್ಕ ಇಂಥ ಕೈಗಳನ್ನು ಬೇಕಾದಷ್ಟು ನೋಡಿದ್ದಳು.

"ತಗಿ," ಅಂದಳು.

ಅವನು ತೆಗೆಯಲಿಲ್ಲ. ನಾಗರತ್ನಾ ನಾಲ್ಕು ಹೆಜ್ಜೆ ಮುಂದೆ ಬಂದು ಸಣ್ಣ ಮಕ್ಕಳ ಜೇಬು ನೋಡುವಂತೆ ತಾನೇ ಅವನ ಜೇಬಿಗೆ ಕೈ ಹಾಕಿದಳು. ಚಾವಿ ಹೊರಗೆ ಬಂತು. ಅದರ ಬಳೆಗೆ ಕೆಂಪು ದಾರ ಸುತ್ತಿತ್ತು.

"ಇದು ನಾ ಸುತ್ತಿದ ದಾರ," ಅಂದಳು. "ಅವ್ರ ಚಾವಿ ಇದು. ನೀರಾಗ ಹೋತು ಅಂದಿದ್ರಲ್ಲೋ?"

"ಅದು... ಅಣ್ಣ ನನ್ನ ಹತ್ರ ಮೊದಲ ಕೊಟ್ಟಿದ್ದ ವೈನಿ. ಹೇಳೂದು ಮರ್ತಬಿಟ್ಟೆ."

"ಹೋದ ವಾರ ಸೋಮವಾರ ಈ ಗಾಡಿ ಒಯ್ದಿದ್ದಿ," ದೇವಕ್ಕ ಕೇಳಲಿಲ್ಲ, ಹೇಳಿದಳು. ಕತ್ತಲಲ್ಲಿ ಎಸೆದ ಕಲ್ಲು ಅದು. ಸೋಮವಾರ ಬೆಳಿಗ್ಗೆ ನಾಗರತ್ನಾ ರುದ್ರಭೂಮಿಗೆ ಹೋಗುತ್ತಾಳೆ, ಆ ಹೊತ್ತಿನಲ್ಲಿ ಗಾಡಿಯ ಮೇಲೆ ಯಾರ ಕಣ್ಣೂ ಇರುವುದಿಲ್ಲ, ಡಗ್ಗಾ ಬದಲಾದದ್ದೂ ಆ ಮಧ್ಯಾಹ್ನದಿಂದ. ಅಷ್ಟೇ ಅವಳ ಬಳಿ ಇದ್ದದ್ದು.

ಕಲ್ಲು ತಾಗಿತು.

"ಎರಡು ತಾಸು ಅಷ್ಟರಿ. ಸುಮ್ನ ಚಾಲೂ ಮಾಡಿ ತಂದಿಟ್ಟೆ. ನಿಂತ ಗಾಡಿ ಕೆಡ್ತೈತಿ ಅಂತ."

"ಎಲ್ಲಿಗೆ?"

ಅವನು ಚಾವಿಗೆ ಕೈ ಚಾಚಿದ, ನಾಗರತ್ನಾ ಕೊಡಲಿಲ್ಲ.

ದೇವಕ್ಕ ಚೀಲದಿಂದ ಪೊಲೀಸರ ಕಾಗದದ ಝೆರಾಕ್ಸ್ ತೆಗೆದಳು. ಅದನ್ನು ಇದುವರೆಗೆ ನಾಗರತ್ನಾಳಿಗೆ ಓದಿ ಹೇಳಿರಲಿಲ್ಲ. ನೀರಿನಲ್ಲಿ ಎರಡು ದಿನ ಇದ್ದ ದೇಹದ ವರ್ಣನೆಯನ್ನು ಹೆಂಡತಿಯ ಕಿವಿಗೆ ಹಾಕುವಷ್ಟು ಕಟುಕಿ ಅವಳಲ್ಲ. ಈಗಲೂ ಬೇಕಾದ ಒಂದು ಸಾಲನ್ನೇ ಹುಡುಕಿದಳು.

"ಮುಖ ಗುರುತು ಸಿಗೂ ಹಂಗ ಇರಲಿಲ್ಲ. ಎಡಗೈಯಾಗಿನ ವಾಚ್ ನೋಡಿ ನಮ್ಮಣ್ಣ ಅಂತ ಗುರುತಿಸಿದೆ. ಇದು ನಿನ್ನ ಮಾತು. ಹೌದಲ್ಲೋ?"

"ಹೌದ್ರಿ."

"ಯಾವ ವಾಚ್?" ನಾಗರತ್ನಾ ಕೇಳಿದಳು.

ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ ದೇವಕ್ಕ ಕಾಗದದಿಂದ ತಲೆ ಎತ್ತಿ ನೋಡಿದಳು.

"ಸ್ಟೀಲ್ ಬೆಲ್ಟಿಂದು ಅಂತ ಬರ್ದೈತಿ," ಅಂದಳು.

"ಅವ್ರಿಗೆ ಇದ್ದಿದ್ದು ಅದೊಂದ." ನಾಗರತ್ನಾ ಮೈದುನನ ಮುಖವನ್ನೇ ನೋಡುತ್ತಿದ್ದಳು. "ಅದರ ಬೆಲ್ಟ್ ಕಿತ್ತಿತ್ತು. ಅವ್ರು ಹೋಗೂ ಹಿಂದಿನ ದಿನ ನೀ ಮನೀಗೆ ಬಂದಿದ್ದಿ. ಅವ್ರು ಡ್ಯೂಟಿ ಮ್ಯಾಲಿದ್ರು. ದುರಸ್ತಿ ಮಾಡಿಸ್ಕೊಂಡು ಬಾ ಅಂತ ನಾನ ನಿನ್ನ ಕೈಯಾಗ ಕೊಟ್ಟೆ."

"ಅದ ಸಂಜೀಕೆ ಅಣ್ಣಗ ಕೊಟ್ನ್ಯಲ್ಲ ವೈನಿ. ರೈಲ್ವೆ ಸ್ಟೇಷನ್‌ದಾಗ."

"ನಾಲ್ಕು ದಿನದಿಂದ ಅಣ್ಣನ್ನ ಭೆಟ್ಟಿ ಆಗಿರಲಿಲ್ಲ ಅಂತ ಇಲ್ಲಿ ಬರ್ಸೀಯಲ್ಲೋ," ದೇವಕ್ಕ ಕಾಗದ ತಿರುಗಿಸಿ ಅವನ ಕಣ್ಣ ಮುಂದೆ ಹಿಡಿದಳು. "ಸಹಿ ನಿಂದ."

ಮೇಲಿನ ಮನೆಯವರು ಯಾರೋ ಒಗೆದ ಬಟ್ಟೆ ಹಿಂಡುತ್ತಿದ್ದರು, ನೀರು ಗಾಡಿಯ ತಗಡಿನ ಮೇಲೆ ಟಪಟಪ ಬಿತ್ತು. ಅನಿಲಕುಮಾರ ಓಡಿ ಹೋಗುತ್ತಾನೆ ಎಂದು ದೇವಕ್ಕ ಒಂದು ಕಾಲು ಮುಂದಿಟ್ಟು ನಿಂತಿದ್ದಳು. ಅವನು ಓಡಲಿಲ್ಲ. ಗಾಡಿಯ ಬಾನೆಟ್ಟಿಗೆ ಒರಗಿ, ಕುಸಿದು, ಅಲ್ಲೇ ನೆಲಕ್ಕೆ ಕೂತುಬಿಟ್ಟ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ದೇವಕ್ಕನಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಗಂಡ ತಾನಾಗಿ ಸಾಯಲಿಲ್ಲ ಎಂಬ ಒಂದು ಮಾತನ್ನು ತರಲು ಅವಳು ಮಲಾಡಿಗೆ ಹೋಗಿದ್ದಳು. ಅದಕ್ಕಿಂತ ದೊಡ್ಡದೊಂದನ್ನು ತಂದು ಅಂಗಳದಲ್ಲಿ ಇಳಿಸಿದ್ದಳು, ಅದನ್ನು ನಾಗರತ್ನಾ ಹೇಗೆ ಹೊರುತ್ತಾಳೆ ಎಂದು ಅವಳಿಗೆ ಭಯವಾಯಿತು.

ನಾಗರತ್ನಾ ಅಳಲಿಲ್ಲ. ಮೈದುನನ ಎದುರು ಕುಕ್ಕರುಗಾಲಲ್ಲಿ ಕೂತಳು. ತನ್ನ ಬಲಗೈ ಬಿಚ್ಚಿ, ಅಂಗೈಯನ್ನು ಅವನಿಗೆ ಕಾಣುವಂತೆ ಹಿಡಿದಳು.

"ಈ ಕೈಲೆ ಮೂರು ಹಿಡಿ ಮಣ್ಣು ಕೊಟ್ಟೀನಿ ಅನಿಲಾ. ಮುಖಾ ನೋಡಬ್ಯಾಡ್ರಿ ವೈನಿ ಅಂದಿ, ನೋಡ್ಲಿಲ್ಲ. ವಾರಕ್ಕೊಮ್ಮೆ ಹೋಗಿ ಪತ್ರಿ ಏರಿಸಿ, ಅವ್ರ ಹತ್ರ ಮಾತಾಡಿ ಬರ್ತೀನಿ. ನಿನ್ನೆನೂ ಹೋಗಿದ್ದೆ." ಅವಳು ಅಂಗೈಯನ್ನು ಅವನ ಮುಖಕ್ಕೆ ಇನ್ನೂ ಹತ್ತಿರ ತಂದಳು. "ಅಲ್ಲಿ ಮಲಗಿದಾಂವ ಯಾರೋ?"

ಅನಿಲಕುಮಾರ ಮುಖದಿಂದ ಕೈ ತೆಗೆದ.

"ನನಗ ಗೊತ್ತಿಲ್ರಿ ವೈನಿ. ನಿಮ್ಮ ಪಾದ ಮುಟ್ಟಿ ಹೇಳ್ತೀನಿ, ಖರೇನ ಗೊತ್ತಿಲ್ಲ," ಅಂದ. "ಅದನ್ನ ಅಣ್ಣನ್ನ ಕೇಳಬೇಕು."